ಯಾರನ್ನೂ ಸೇರಿಸಿಕೊಳ್ಳದ ವಿದ್ಯಾಪೀಠ

ಇಸವಿ ಕೇಳಬೇಡಿ, ನಕ್ಷೆಯಲ್ಲಿ ಹುಡುಕಬೇಡಿ. ನಮ್ಮ ನಿಮ್ಮ ತಾತಂದಿರ ತಾತಂದಿರಿಗೂ ಹಿಂದೆ ಕುಸುಮಾವರ್ತ ಎಂಬ ರಾಜ್ಯವೊಂದಿತ್ತು. ಓದುಗ ಮಹಾಶಯರು ಬೆಳಗಿನ ಕಾಫಿ ಹೀರುತ್ತ ಇದನ್ನು ಓದುತ್ತಿರುವುದರಿಂದ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ರಾಜ್ಯಕ್ಕೂ ನಿಮ್ಮ ರಾಜ್ಯಕ್ಕೂ ಯಾವ ಸಂಬಂಧವೂ ಇಲ್ಲ. ಅಲ್ಲಿ ರಾಜರಿದ್ದರು, ನಿಮ್ಮಲ್ಲಿ ಇಲ್ಲ. ಅಷ್ಟು ವ್ಯತ್ಯಾಸ ಸಾಕು ಎಂದುಕೊಂಡಿದ್ದೇನೆ.

ಕುಸುಮಾವರ್ತದ ರಾಜಧಾನಿ ಮಹೋನ್ನತಪುರ. ಪುರದ ಪಶ್ಚಿಮಕ್ಕೆ, ದಿಬ್ಬದ ಮೇಲೆ, ಹಿರೇಕೆರೆ. ಕೆರೆಯ ಏರಿಯ ಕೆಳಗೆ ಕೆಳಕೇರಿ ಎಂಬ ಬಡಾವಣೆ, ಅದರಾಚೆ ಪೇಟೆ, ಪೇಟೆಯಾಚೆ ಅರಮನೆ. ಕೆರೆಯ ದಂಡೆಯಲ್ಲಿ, ಎಲ್ಲಕ್ಕಿಂತ ಒಳ್ಳೆಯ ಗಾಳಿ ಬೀಸುವ ಕಡೆ, ಜಗದ್ವಿಖ್ಯಾತವಾದ ಶಿಖರ ವಿದ್ಯಾಪೀಠ.

ಈ ವಿದ್ಯಾಪೀಠ ಶುರುವಾದಾಗ ಅದಕ್ಕೆ ಹೆಸರಿರಲಿಲ್ಲ. ಸಾವಂತಯ್ಯ ಎಂಬ ಮುದುಕನೊಬ್ಬ ಏರಿಯ ಮೇಲಿನ ಹುಣಸೆ ಮರದ ಕೆಳಗೆ ಕೂತು, ಬಂದವರಿಗೆಲ್ಲ ನೀರು ಅಳೆಯುವುದನ್ನು ಹೇಳಿಕೊಡುತ್ತಿದ್ದ. ಅಳತೆ ಗೊತ್ತಿದ್ದವರು ನೀರಿಗಾಗಿ ಕಡಿಮೆ ಹೊಡೆದಾಡುತ್ತಾರೆ ಎಂಬುದು ಅವನ ಅನುಭವವಾಗಿತ್ತು. ಒಂದು ದಿನ ಆ ಕಾಲದ ದೊರೆ ಅದನ್ನು ಕಂಡು ಮೆಚ್ಚಿ ಒಂದು ಚಾವಣಿ ಹಾಕಿಸಿದ. ಚಾವಣಿ ನಿಲ್ಲಬೇಕಲ್ಲ ಎಂದು ಅವನ ಮಗ ಗೋಡೆ ಎಬ್ಬಿಸಿದ. ಗೋಡೆ ಇದ್ದ ಮೇಲೆ ಬಾಗಿಲು ಬೇಕಾಯಿತು, ಬಾಗಿಲು ಇದ್ದ ಮೇಲೆ ಬಾಗಿಲು ಕಾಯುವವನು ಬೇಕಾದ. ಕಾಯುವವನು ತನಗೂ ಏನಾದರೂ ಕೆಲಸವಿರಲಿ ಎಂದು ಬಂದವರನ್ನು ತಡೆಯತೊಡಗಿದ. ತಡೆಸಿಕೊಂಡವರು ಒಳಗೆ ಏನೋ ಇದೆ ಎಂದು ನಂಬಿದರು. ಒಳಗಿದ್ದವರೂ ಅದನ್ನೇ ನಂಬಿದರು. ಕುಸುಮಾವರ್ತದಲ್ಲಿ ಉನ್ನತ ಶಿಕ್ಷಣ ಹುಟ್ಟಿದ್ದು ಹೀಗೆ.

ಆಮೇಲಿನದೆಲ್ಲ ತಾನಾಗಿಯೇ ಬೆಳೆಯಿತು. ಮಂತ್ರಿ, ದಂಡನಾಯಕ, ನ್ಯಾಯಾಧಿಪತಿ, ಅರಮನೆಯ ಮುಖ್ಯ ಅಡುಗೆಯವನು ಎಲ್ಲರೂ ಶಿಖರಸ್ನಾತಕರೇ ಆದರು. ಯಾವುದೋ ಕಾಲದ ಕುಲಪತಿಯೊಬ್ಬರಿಗೆ ಗಂಟಲು ಒಣಗುವ ತೊಂದರೆಯಿದ್ದು, ಮಾತಿಗೆ ಮುಂಚೆ ಎರಡು ಸಲ ಕೆಮ್ಮುತ್ತಿದ್ದರಂತೆ. ಶಿಷ್ಯರು ಅದನ್ನು ಪಾಠದ ಭಾಗವೆಂದು ಬರೆದುಕೊಂಡರು. ಮುಂದೆ ಎರಡು ಸಲ ಕೆಮ್ಮಿ ಮಾತಾಡುವವನೇ ವಿದ್ಯಾವಂತ ಎಂದಾಯಿತು. ತಾಯಂದಿರು ತೊಟ್ಟಿಲ ಮಕ್ಕಳಿಗೆ ಕೆಮ್ಮು ಕಲಿಸಿದರು. ಗಂಡು ನೋಡಲು ಹೋದವರು ಹುಡುಗ ಹೇಗೆ ಕೆಮ್ಮುತ್ತಾನೆ ಎಂದು ಪಕ್ಕದ ಮನೆಯವರನ್ನು ವಿಚಾರಿಸಿದರು. ಪ್ರವೇಶ ಪರೀಕ್ಷೆಗೆ ತಯಾರು ಮಾಡಲೆಂದೇ ಪ್ರವೇಶಪೇಟೆ ಎಂಬ ಹೊಸ ಬೀದಿ ಹುಟ್ಟಿ, ಹಳೆಯ ನೇಕಾರಬೀದಿ ಅದರೊಳಗೆ ಕರಗಿಹೋಯಿತು. ಸ್ನಾತಕರ ಮಕ್ಕಳಿಗೆ ಮಾತ್ರ ಪರಂಪರಾಂಕ ಎಂಬ ಹೆಚ್ಚುವರಿ ಅಂಕ ಸಿಗುತ್ತಿತ್ತು. ಅವರು ಗರ್ಭದಲ್ಲಿದ್ದಾಗಲೇ ಕೆಮ್ಮು ಕೇಳಿಸಿಕೊಂಡಿರುತ್ತಾರೆ ಎಂಬುದು ಅದರ ಶಾಸ್ತ್ರೀಯ ಸಮರ್ಥನೆ.

ನಮ್ಮ ಕಥೆಯ ಕಾಲಕ್ಕೆ ಸಿಂಹಾಸನದ ಮೇಲಿದ್ದವರು ಪ್ರಚಂಡಕೀರ್ತಿ ಮಹಾರಾಜರು. ಅವರೂ ಯುವರಾಜರಾಗಿದ್ದಾಗ ಒಂದು ಮಳೆಗಾಲ ವಿದ್ಯಾಪೀಠದಲ್ಲಿ ಓದಿದ್ದರು. ಆ ವರ್ಷ ಅವರ ಗೌರವಾರ್ಥ ಪರೀಕ್ಷೆಯನ್ನೇ ರದ್ದು ಮಾಡಿದ್ದರಿಂದ ಅವರಷ್ಟು ಸಂತೋಷವಾಗಿ ಓದಿದವರು ಇನ್ನೊಬ್ಬರಿಲ್ಲ. ಸ್ವಭಾವತಃ ಒಳ್ಳೆಯವರು. ಯಾರಿಗೂ ಕೆಡುಕು ಬಯಸಿದವರಲ್ಲ. ಯಾರ ಬಗ್ಗೆಯೂ ಅಷ್ಟು ಹೊತ್ತು ಯೋಚಿಸಿದವರೇ ಅಲ್ಲ.

ಇಂಥ ಮಹಾರಾಜರು ಒಮ್ಮೆ ಪಕ್ಕದ ವಜ್ರಾವತಿಯ ಅರಮನೆಗೆ ಮದುವೆಯೂಟಕ್ಕೆ ಹೋದರು. ಹೋಳಿಗೆಗೆ ತುಪ್ಪ ಬಡಿಸುವ ಹೊತ್ತಿನಲ್ಲಿ ವಜ್ರಾವತಿಯ ದೊರೆ, ತಮ್ಮ ವಿದ್ಯಾಪೀಠ ಬಾಗಿಲಿಗೆ ಬಂದ ನೂರು ಮಂದಿಯಲ್ಲಿ ತೊಂಬತ್ತೇಳು ಮಂದಿಯನ್ನು ವಾಪಸು ಕಳಿಸುತ್ತದೆ ಎಂದು ಹೇಳಿ, ನಿಮ್ಮದು ಎಷ್ಟು ಎಂದು ಕೇಳಿದರು. ಪ್ರಚಂಡಕೀರ್ತಿಗಳಿಗೆ ಗೊತ್ತಿರಲಿಲ್ಲ. ಹಿಂದೆ ನಿಂತಿದ್ದ ಸಚಿವನೊಬ್ಬ ಕಿವಿಯಲ್ಲಿ ತೊಂಬತ್ತು ಎಂದು ಉಸುರಿದ. ಮಹಾರಾಜರು ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ರಥ ಹತ್ತಿ ಊರಿಗೆ ಹಿಂದಿರುಗಿದರು. ಮೂರು ದಿನ ವೀಣೆ ಕೇಳಲಿಲ್ಲ.

ನಾಲ್ಕನೆಯ ದಿನ ಕುಲಪತಿ ಗಂಭೀರಾಚಾರ್ಯರಿಗೆ ಕರೆ ಹೋಯಿತು. ಗಂಭೀರಾಚಾರ್ಯರು ಹದಿನೆಂಟು ವರ್ಷದಿಂದ ಕುಲಪತಿಗಳಾಗಿದ್ದು, ಪಾಠ ಮಾಡುವುದನ್ನು ಹದಿನೇಳು ವರ್ಷದ ಹಿಂದೆಯೇ ನಿಲ್ಲಿಸಿದ್ದರು. ದೊರೆಯ ದುಃಖವನ್ನು ಕೇಳಿ ಅವರು ಎರಡು ಸಲ ಕೆಮ್ಮಿ, ಇದು ಶಿಕ್ಷಣದ ಸಮಸ್ಯೆಯಲ್ಲ, ಡೇಟಾದ ಸಮಸ್ಯೆ ಎಂದು ಸಮಾಧಾನ ಹೇಳಿದರು. ಸೇರಿಸಿಕೊಳ್ಳುವವರನ್ನು ಕಡಿಮೆ ಮಾಡಿದರೆ ಸ್ನಾತಕರ ಮಕ್ಕಳಿಗೇ ಜಾಗ ಸಾಲದು. ಆದ್ದರಿಂದ ತಿರಸ್ಕೃತರಾಗಲು ಬರುವವರನ್ನು ಹೆಚ್ಚು ಮಾಡಬೇಕು. ರಾಜ್ಯದಲ್ಲಿ ಹದಿನಾರು ತುಂಬಿದ ಪ್ರತಿಯೊಬ್ಬರೂ ಅರ್ಜಿ ಹಾಕಲೇಬೇಕೆಂದು ಅಪ್ಪಣೆಯಾದರೆ, ಅಷ್ಟೂ ಜನರನ್ನು ಗೌರವಪೂರ್ವಕವಾಗಿ ತಿರಸ್ಕರಿಸಿ ವಜ್ರಾವತಿಯನ್ನು ಒಂದೇ ವರ್ಷದಲ್ಲಿ ಹಿಂದಿಕ್ಕಬಹುದು.

ಮಹಾರಾಜರ ಮುಖ ಅರಳಿತು. ಇದನ್ನು ನಮ್ಮ ಪೂರ್ವಿಕರು ಯಾಕೆ ಯೋಚಿಸಲಿಲ್ಲ ಎಂದು ಕೇಳಿದರು. ಅವರ ಕಾಲದಲ್ಲಿ ತಮ್ಮಂಥ ದೂರದೃಷ್ಟಿಯವರು ಹುಟ್ಟಿರಲಿಲ್ಲ ಎಂದು ಕುಲಪತಿಗಳು ಉತ್ತರಿಸಿದರು.

ಮರುವಾರವೇ ಡಂಗುರ ಸಾರಲಾಯಿತು. ಕುರುಬರು, ಕುಂಬಾರರು, ಸೂಲಗಿತ್ತಿಯರು, ಹಲ್ಲು ಬಿದ್ದ ಅಜ್ಜಂದಿರು ಎಲ್ಲರೂ ಅರ್ಜಿ ಹಾಕಬೇಕು. ಡಂಗುರದ ಕೊನೆಯಲ್ಲಿ ಇನ್ನೊಂದು ಸಾಲು ಇತ್ತು. ಅದನ್ನು ಯಾರೂ ಗಮನಿಸಿ ಕೇಳಲಿಲ್ಲ. ವಿದ್ಯಾಪೀಠ ಯಾರನ್ನು ತಿರಸ್ಕರಿಸುತ್ತದೋ ಅವರು ಇನ್ನು ಮೇಲೆ ತಿಳಿವಳಿಕೆ ಬೇಕಾಗುವ ಯಾವ ಕೆಲಸದಲ್ಲೂ ಇರತಕ್ಕದ್ದಲ್ಲ ಎಂಬುದು ಆ ಸಾಲು. ದಡ್ಡನೆಂದು ಸಾಬೀತಾದವನನ್ನು ಕೆಲಸದಲ್ಲಿ ಇಟ್ಟುಕೊಂಡರೆ ರಾಜ್ಯದ ಇಮೇಜ್ ಏನಾಗಬೇಕು ಎಂದು ಅದನ್ನು ಸೇರಿಸಿದವರ ವಾದ.

ಈಗ ನಿಂಗಾಜಮ್ಮನ ಬಗ್ಗೆ ಹೇಳಬೇಕು.

ನಿಂಗಾಜಮ್ಮ ಹಿರೇಕೆರೆಯ ನೀರುಗಂಟಿ. ಕೆರೆಯ ತೂಬು ಎತ್ತಿ ಇಳಿಸಿ, ಯಾವ ಗದ್ದೆಗೆ ಎಷ್ಟು ನೀರು ಎಂದು ನೋಡುವುದು ಅವಳ ಕೆಲಸ. ಅಪ್ಪನಿಗೆ ಗಂಡು ಮಕ್ಕಳಿಲ್ಲದ್ದರಿಂದ ಇಪ್ಪತ್ತರ ವಯಸ್ಸಿಗೇ ಆ ಕೆಲಸ ಅವಳ ಕೈಗೆ ಬಂದು, ಈಗ ಅವಳಿಗೆ ಐವತ್ತೆರಡು. ನೆಟ್ಟಗಿನ ಮೈ, ದೊಡ್ಡ ಪಾದ, ಮಾತು ಕಮ್ಮಿ. ಅಕ್ಷರ ಕಲಿತದ್ದು ತೂಬಿನ ಕಲ್ಲುಕಂಬದ ಮೇಲಿನ ಅಳತೆಗೆರೆಗಳ ಪಕ್ಕ ಅಪ್ಪ ಕೆತ್ತಿಸಿದ್ದ ಸಾಲುಗಳನ್ನು ಓದಿ. ಹತ್ತನೆಯ ಗೆರೆಗೆ ನೀರು ಬಂದರೆ ಹುಷಾರು, ಹನ್ನೊಂದಕ್ಕೆ ಬಂದರೆ ತಾನಾಗಿಯೇ ಕೋಡಿ ಹರಿಯುತ್ತದೆ, ಕೋಡಿ ಹರಿದರೆ ಏರಿಗೆ ಭಯವಿಲ್ಲ. ಕೋಡಿಯೆಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಗೆ ಹೋಗಲು ಬಿಟ್ಟ ತಗ್ಗು.

ಎರಡು ವರ್ಷದ ಹಿಂದೆ ವಿದ್ಯಾಪೀಠದವರು ಆ ಕೋಡಿಯ ಮೇಲೆ ಹಳೆಯ ವಿದ್ಯಾರ್ಥಿಗಳ ವಿಹಾರಮಂಟಪ ಕಟ್ಟಿದ್ದರು. ಅತಿಥಿಗಳ ಪಾದ ಒದ್ದೆಯಾಗದಿರಲಿ ಎಂದು ಕೋಡಿಗೆ ಅಡ್ಡಲಾಗಿ ಎದೆಮಟ್ಟದ ಕಲ್ಲುಗೋಡೆಯನ್ನೂ ಹಾಕಿದ್ದರು. ನಿಂಗಾಜಮ್ಮ ಆಗಲೇ ಹೋಗಿ ಹೇಳಿದ್ದಳು. ಸಲಹಾಪೆಟ್ಟಿಗೆಯಲ್ಲಿ ಹಾಕು ಎಂದಿದ್ದರು. ಸಲಹಾಪೆಟ್ಟಿಗೆಗೆ ಬೀಗವಿತ್ತು, ಹಾಕಲು ತೂತು ಇರಲಿಲ್ಲ. ಆ ಎರಡು ವರ್ಷ ಮಳೆ ಹದವಾಗಿ ಬಂದು ನೀರು ಹತ್ತನೆಯ ಗೆರೆ ಮುಟ್ಟಲಿಲ್ಲವಾದ್ದರಿಂದ ಮಾತು ಅಲ್ಲಿಗೇ ನಿಂತಿತ್ತು.

ಅಪ್ಪಣೆಯಂತೆ ನಿಂಗಾಜಮ್ಮನೂ ಪರೀಕ್ಷೆಗೆ ಹೋದಳು. ಪಕ್ಕದಲ್ಲಿ ಕೆಳಕೇರಿಯ ಎಲೆತೋಟದ ಪುಟ್ಟಮಾದಯ್ಯ ಕೂತಿದ್ದ. ಎಪ್ಪತ್ತು ದಾಟಿದ ಮನುಷ್ಯ, ವೀಳ್ಯದೆಲೆಯ ಬಳ್ಳಿ ಕಟ್ಟುವುದರಲ್ಲಿ ಅವನ ಸಮಕ್ಕೆ ಇನ್ನೊಬ್ಬನಿರಲಿಲ್ಲ. ಪ್ರಶ್ನೆಪತ್ರಿಕೆಯಲ್ಲಿ ಇದ್ದದ್ದು ಒಂದೇ ಪ್ರಶ್ನೆ: ರಾಜ್ಯದ ಮುಂದಿರುವ ಅತಿ ದೊಡ್ಡ ಸವಾಲು ಯಾವುದು, ಐನೂರು ಪದಗಳಿಗೆ ಕಡಿಮೆಯಿಲ್ಲದಂತೆ ಚರ್ಚಿಸಿ. ಪುಟ್ಟಮಾದಯ್ಯ ಒಂದು ವೀಳ್ಯದೆಲೆಯ ಚಿತ್ರ ಬರೆದು, ಚೆನ್ನಾಗಿ ಬಂತೆಂದು ನಾಲ್ಕು ಸಲ ನೋಡಿ, ಎದ್ದು ಹೋದ. ನಿಂಗಾಜಮ್ಮ ಎರಡೇ ಸಾಲು ಬರೆದಳು: “ಹಿರೇಕೆರೆಯ ಕೋಡಿಗೆ ಗೋಡೆ ಕಟ್ಟಿದ್ದೀರಿ. ಮಳೆಗೆ ಮುಂಚೆ ಒಡೆಯಿರಿ.”

ಅವಳಿಗೆ ಸೊನ್ನೆ ಬಂತು. ಪರೀಕ್ಷಕರು ಪಕ್ಕದಲ್ಲಿ ಟಿಪ್ಪಣಿ ಬರೆದಿದ್ದರು: ಪದಮಿತಿ ಪಾಲಿಸಿಲ್ಲ, ದೃಷ್ಟಿ ತೀರ ಸ್ಥಳೀಯ, ನಾಯಕತ್ವದ ಗುಣ ಕಾಣುವುದಿಲ್ಲ. ಪುಟ್ಟಮಾದಯ್ಯನಿಗೆ ಮೂರು ಅಂಕ ಸಿಕ್ಕಿತು; ಅವನ ಉತ್ತರದಲ್ಲಿ ಹಲವು ಅರ್ಥಗಳಿಗೆ ಅವಕಾಶವಿದೆ ಎಂದು ಪರೀಕ್ಷಕರಿಗೆ ಅನಿಸಿತ್ತು.

ಆ ವರ್ಷ ವಿದ್ಯಾಪೀಠ ಸಾವಿರಕ್ಕೆ ಒಂಬೈನೂರ ತೊಂಬತ್ತೊಂಬತ್ತು ಜನರನ್ನು ತಿರಸ್ಕರಿಸಿತು. ಊರೆಲ್ಲ ತೋರಣ ಕಟ್ಟಿದರು. ತಿರಸ್ಕೃತರೇ ತೋರಣ ಕಟ್ಟಿದರು, ಬೇರೆ ಯಾರೂ ಉಳಿದಿರಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೂ ಒಂದು ಬಗೆಯ ಹೆಮ್ಮೆಯಿತ್ತು. ಇಷ್ಟು ದೊಡ್ಡ ವಿದ್ಯಾಪೀಠ ನನ್ನನ್ನು ಬೇಡವೆಂದಿತು ಎಂದು ಬೀಗರಲ್ಲಿ ಹೇಳಿಕೊಳ್ಳುವವರೂ ಇದ್ದರು.

ಮುಂದಿನ ಸೋಮವಾರ ನಿಂಗಾಜಮ್ಮನಿಂದ ತೂಬಿನ ಕೀಲಿ ಇಸಿದುಕೊಂಡರು. ಅವಳು ಜಗಳವಾಡಲಿಲ್ಲ. ಕೀಲಿ ಕೊಟ್ಟು, ಕೈಗೆ ಅಂಟಿದ್ದ ಎಣ್ಣೆಯನ್ನು ಸೆರಗಿಗೆ ಒರೆಸಿಕೊಂಡು ಮನೆಗೆ ಹೋದಳು. ಆದರೆ ಮೂವತ್ತೆರಡು ವರ್ಷದ ಅಭ್ಯಾಸ ಹೋಗುವುದುಂಟೇ? ದಿನಾ ಬೆಳಿಗ್ಗೆ ಏಳುತ್ತಲೇ ಕಾಲು ಏರಿಯ ಕಡೆ ಹೋಗುತ್ತಿತ್ತು. ಅರ್ಧ ದಾರಿಯಲ್ಲಿ ನೆನಪಾಗಿ, ಯಾರಾದರೂ ನೋಡಿದರೋ ಎಂದು ಅತ್ತಿತ್ತ ನೋಡಿ, ಸೊಪ್ಪು ಕೀಳುವವಳಂತೆ ಬಗ್ಗಿ, ಹಿಂದಿರುಗುತ್ತಿದ್ದಳು. ಕೆಳಕೇರಿಯವರೆಲ್ಲ ಇದನ್ನು ನೋಡಿದ್ದರು, ಯಾರೂ ಅವಳೆದುರು ಆಡಲಿಲ್ಲ.

ಅವಳ ಜಾಗಕ್ಕೆ ಬಂದವನು ಲಲಿತಾಂಗ. ಕುಲಪತಿಗಳ ತಂಗಿಯ ಮಗ, ಶಿಖರಸ್ನಾತಕ, ಜಲನಿರ್ದೇಶಕ ಎಂಬ ಹೊಸ ಪದವಿನಾಮ. ಒಳ್ಳೆಯ ಹುಡುಗ ಎನ್ನಲು ಅಡ್ಡಿಯಿಲ್ಲ. ಮೂವತ್ತರ ಆಸುಪಾಸು, ಮೃದು ಮಾತು, ನೀರು ಕಂಡರೆ ತಲೆ ತಿರುಗುವ ಕಾಯಿಲೆ. ಆದ್ದರಿಂದ ಏರಿಯ ಮೇಲೆ ಹೋಗದೆ, ಕೆರೆಯ ದೊಡ್ಡ ಚಿತ್ರವೊಂದನ್ನು ಕಚೇರಿಯಲ್ಲಿ ತೂಗುಹಾಕಿಸಿಕೊಂಡು ಅದನ್ನು ದಿನವೂ ಪರಿಶೀಲಿಸುತ್ತಿದ್ದ. ಚಿತ್ರದಲ್ಲಿ ನೀರಿನ ಮಟ್ಟ ಯಾವತ್ತೂ ಸರಿಯಾಗಿಯೇ ಇರುತ್ತಿತ್ತು.

ಮಘೆ ಮಳೆ ಹಿಡಿಯಿತು. ಮಹೋನ್ನತಪುರದಲ್ಲಿ ಅಂಥ ಮಳೆಯೇನಲ್ಲ, ಆದರೆ ಮೇಲಿನ ಗುಡ್ಡಗಳಲ್ಲಿ ಐದು ದಿನ ಬಿಡದೆ ಸುರಿಯಿತು. ಹಳ್ಳಗಳು ಕೆಂಪಾಗಿ ಇಳಿದು ಬಂದವು. ಐದನೆಯ ದಿನ ಬೆಳಿಗ್ಗೆ ನಿಂಗಾಜಮ್ಮ ಅರ್ಧ ದಾರಿಯಲ್ಲಿ ನಿಲ್ಲಲಿಲ್ಲ. ಏರಿ ಹತ್ತಿ ನೋಡಿದರೆ ನೀರು ಹನ್ನೊಂದನೆಯ ಗೆರೆ ದಾಟಿತ್ತು. ಗೋಡೆಯ ಹಿಂದೆ ಸೇರಿದ ನೀರಿಗೆ ಹೋಗಲು ದಾರಿಯಿರಲಿಲ್ಲ. ಏರಿಯ ನಡುಮಧ್ಯದಲ್ಲಿ, ಪೇಟೆಯ ನೇರಕ್ಕೆ, ಹೊರಮೈಯಿಂದ ಬೆರಳು ದಪ್ಪ ನೀರು ಜಿನುಗುತ್ತಿತ್ತು.

ಅಷ್ಟು ಹೊತ್ತಿಗೆ ಯಾರೋ ಹೇಳಿದ್ದರಿಂದ ಲಲಿತಾಂಗನೂ ಛತ್ರಿ ಹಿಡಿದು ಬಂದಿದ್ದ. ಚಿತ್ರಕ್ಕೂ ಕೆರೆಗೂ ತಾಳೆಯಾಗದ್ದನ್ನು ಕಂಡು ಅವನ ಮುಖ ಬಿಳುಪೇರಿತ್ತು. ಕೆಮ್ಮುವುದನ್ನೂ ಮರೆತು ಅವನು ನಿಂಗಾಜಮ್ಮನ ಹತ್ತಿರ ಬಂದು ಕೇಳಿದ.

“ಅಮ್ಮಾ, ನೀರು ಎಷ್ಟಕ್ಕೆ ಬಂದರೆ ಹೆದರಬೇಕು?”

“ನಿನ್ನೆಯೇ ಹೆದರಬೇಕಿತ್ತು ಸ್ವಾಮಿ,” ಎಂದಳು ನಿಂಗಾಜಮ್ಮ. “ಈಗ ಹೆದರೋಕೆ ಹೊತ್ತಿಲ್ಲ. ಆಳು ಕೊಡಿ, ಆ ಗೋಡೆ ಒಡೆಯೋಣ.”

ಲಲಿತಾಂಗನಿಗೆ ಒಡೆಯಬೇಕು ಎನಿಸಿತು. ಆದರೆ ವಿಹಾರಮಂಟಪ ವಿದ್ಯಾಪೀಠದ ಸ್ವತ್ತು, ಅದನ್ನು ಮುಟ್ಟಲು ಸಮಿತಿಯ ಒಪ್ಪಿಗೆ ಬೇಕು. ಅವನು ಓಡಿಹೋಗಿ ಬರೆದುಕೊಟ್ಟ. ಏಳು ಜನ ಹಿರಿಯ ಸ್ನಾತಕರ ಜಲಪ್ರಜ್ಞಾ ಸಮಿತಿ ತಕ್ಷಣ ಸೇರಿ, ಪರಿಸ್ಥಿತಿಯನ್ನು ಪ್ರವಾಹ ಎನ್ನಬೇಕೋ ಸಮೃದ್ಧಿ ಎನ್ನಬೇಕೋ ಎಂಬಲ್ಲಿ ಸಿಕ್ಕಿಕೊಂಡಿತು. ಊಟದ ಹೊತ್ತಿಗೆ ಸಮೃದ್ಧಿಯ ಕಡೆ ನಾಲ್ಕು ಮತ ಬಿದ್ದಿದ್ದವು. ಸಮೃದ್ಧಿ ಎಂದಾದ ಮೇಲೆ ಗೋಡೆ ಒಡೆಯುವ ಪ್ರಶ್ನೆಯೇ ಏಳುವುದಿಲ್ಲವೆಂದು ಅವರು ಊಟಕ್ಕೆ ಎದ್ದರು.

ನಿಂಗಾಜಮ್ಮ ಕಾಯಲಿಲ್ಲ. ಒದ್ದೆ ಸೀರೆಯಲ್ಲೇ ಪೇಟೆ ದಾಟಿ ಅರಮನೆಗೆ ಹೋದಳು. ಅಂದು ಅರಮನೆಯಲ್ಲಿ ಸಡಗರ. ಸಮುದ್ರದಾಚೆಯಿಂದ ಶ್ರೇಯಾಂಕ ಮಂಡಳಿಯ ಮೂವರು ಮೌಲ್ಯಮಾಪಕರು ಎರಡು ದಿನ ಬಿಟ್ಟು ಬರುವವರಿದ್ದರು. ಭೂಮಂಡಲದ ವಿದ್ಯಾಪೀಠಗಳಿಗೆಲ್ಲ ರ‍್ಯಾಂಕ್ ಕೊಡುವವರು ಅವರೇ. ಅವರಿಗೆ ಔತಣ ಏರ್ಪಾಡಾಗಿದ್ದದ್ದು ಅದೇ ವಿಹಾರಮಂಟಪದಲ್ಲಿ. ಯಾವ ಬಾಳೆಯೆಲೆ, ಯಾವ ಪಾಯಸ ಎಂದು ಮಹಾರಾಜರೂ ಕುಲಪತಿಗಳೂ ಚರ್ಚಿಸುತ್ತಿದ್ದಾಗ ನಿಂಗಾಜಮ್ಮ ಎದುರು ನಿಂತಳು. ಕಾವಲಿನವರು ಕೆಳಕೇರಿಯವರೇ ಆದ್ದರಿಂದ ಅವಳನ್ನು ತಡೆದಿರಲಿಲ್ಲ.

ಮಹಾರಾಜರು ಸಿಟ್ಟಾಗಲಿಲ್ಲ. ಏನು ಎಂದು ಕೇಳಿದರು. ಅವಳು ಗೆರೆಯ ಲೆಕ್ಕ, ಗೋಡೆ, ಜಿನುಗುವ ಜಾಗ ಎಲ್ಲವನ್ನೂ ಬಿಡಿಸಿ ಹೇಳಿದಳು. ನಾಳೆ ಬೈಗಿನೊಳಗೆ ಏರಿ ಒಡೆದು ನೀರು ಪೇಟೆಯ ಮೇಲೆ ಬೀಳುತ್ತದೆ ಎಂದಳು.

“ಇದನ್ನೆಲ್ಲ ನಿನಗೆ ಹೇಳಿದವರು ಯಾರು?” ಎಂದರು ಮಹಾರಾಜರು.

“ಯಾರೂ ಹೇಳಿಲ್ಲ ಬುದ್ಧಿ. ನೀರನ್ನ ನೋಡಿದೆ.”

ಗಂಭೀರಾಚಾರ್ಯರು ಎರಡು ಸಲ ಕೆಮ್ಮಿದರು. ನೋಡುವುದು ಒಂದು ಅಂಗೀಕೃತ ವಿಧಾನವಲ್ಲ ಎಂದು ದೊರೆಗೆ ವಿವರಿಸಿದರು. ಈ ಹೆಂಗಸು ಪರೀಕ್ಷೆಯಲ್ಲಿ ಸೊನ್ನೆ ಪಡೆದವಳು. ಇವಳ ಮಾತು ನಿಜವಾದರೆ ವಿದ್ಯಾಪೀಠ ತಿರಸ್ಕರಿಸಿದವರಿಗೂ ಏನೋ ಗೊತ್ತಿರುತ್ತದೆ ಎಂದು ಒಪ್ಪಿದ ಹಾಗಾಗುತ್ತದೆ. ಹಾಗೆ ಒಪ್ಪಿದರೆ ಶ್ರೇಯಾಂಕದ ಗತಿಯೇನು? ಒಡೆದುಹೋದ ಏರಿಯನ್ನು ಮತ್ತೆ ಕಟ್ಟಬಹುದು, ಒಡೆದುಹೋದ ಬ್ರ್ಯಾಂಡ್ ಕಟ್ಟುವುದು ಕಷ್ಟ.

ಮಹಾರಾಜರು ಸ್ವಲ್ಪ ಹೊತ್ತು ಯೋಚಿಸಿದರು. ಅವರ ಮಟ್ಟಿಗೆ ಅದು ಬಹಳ ಹೊತ್ತು. ಆಮೇಲೆ, ಔತಣ ಮುಗಿಯಲಿ, ಶನಿವಾರ ಗೋಡೆಯ ವಿಚಾರ ನೋಡೋಣ ಎಂದು ದಯೆಯಿಂದ ಹೇಳಿ, ಅವಳಿಗೆ ಎರಡು ಬಾಳೆಹಣ್ಣು ಕೊಡಿಸಿದರು.

ನಿಂಗಾಜಮ್ಮ ಬಾಳೆಹಣ್ಣು ಹಿಡಿದುಕೊಂಡು ಕೆಳಕೇರಿಗೆ ಬಂದು, ಮಾರಿಗುಡಿಯ ಜಗಲಿಯ ಮೇಲೆ ಎಲ್ಲರನ್ನೂ ಸೇರಿಸಿದಳು. ವಿಹಾರಮಂಟಪಕ್ಕೆ ಆಗಲೇ ಸೈನಿಕರ ಕಾವಲು ಬಿದ್ದಿತ್ತು. ಗೋಡೆಯನ್ನು ಮುಟ್ಟುವಂತಿಲ್ಲ, ತೂಬು ಎತ್ತಿದರೂ ಇಷ್ಟು ನೀರಿಗೆ ಸಾಲದು. ಉಳಿದದ್ದು ಒಂದೇ ದಾರಿ: ಏರಿಯ ಬಡಗಣ ತುದಿಯಲ್ಲಿ ತಾವೇ ಕಡಿದು, ನೀರನ್ನು ಹಳೆಯ ಹಳ್ಳಕ್ಕೆ ತಿರುಗಿಸುವುದು. ಪೇಟೆ ಉಳಿಯುತ್ತದೆ, ಕೇರಿಯ ಮನೆಗಳಲ್ಲಿ ಮುಕ್ಕಾಲು ಪಾಲು ಉಳಿಯುತ್ತವೆ. ಆದರೆ ಆ ತುದಿಗೂ ಹಳ್ಳಕ್ಕೂ ನಡುವೆ ಇರುವುದೆಲ್ಲ ಕೆಳಕೇರಿಯವರ ಗದ್ದೆ, ತೋಟ.

ಒಬ್ಬ, ಪೇಟೆಯವರು ನಮಗೇನು ಮಾಡಿದ್ದಾರೆ ಎಂದು ಕೇಳಿದ. ಇನ್ನೊಬ್ಬಳು, ನನ್ನ ಗದ್ದೆಯಲ್ಲಿ ತೆನೆ ಹಾಲು ತುಂಬುತ್ತಿದೆ ಎಂದು ಅತ್ತಳು. ನಿಂಗಾಜಮ್ಮನ ಎರಡು ಗದ್ದೆಯೂ ಅಲ್ಲೇ ಇದ್ದವು, ಆದರೆ ಅದನ್ನು ಹೇಳಿದರೆ ಒತ್ತಾಯ ಮಾಡಿದ ಹಾಗಾಗುತ್ತದೆಂದು ಸುಮ್ಮನಿದ್ದಳು.

ಬಡಗಣ ತುದಿಗೆ ಅಂಟಿಕೊಂಡೇ ಇದ್ದದ್ದು ಪುಟ್ಟಮಾದಯ್ಯನ ಎಲೆತೋಟ. ನಲವತ್ತು ವರ್ಷ ಕಟ್ಟಿ ಬೆಳೆಸಿದ ಬಳ್ಳಿಗಳು. ಅವನು ಜಗಲಿಯಿಂದ ಎದ್ದು ಹೋದ. ಮುನಿಸಿಕೊಂಡು ಹೋದನೆಂದೇ ಎಲ್ಲರೂ ತಿಳಿದರು. ಸ್ವಲ್ಪ ಹೊತ್ತಿಗೆ ಹೆಗಲ ಮೇಲೆ ಗುದ್ದಲಿ ಹೊತ್ತು ಬಂದು ನಿಂತ.

“ಎಲ್ಲಿ ಕಡೀಬೇಕು ತೋರಿಸು ನಡಿಯಮ್ಮ,” ಎಂದ. “ನನ್ನ ತೋಟಕ್ಕೆ ಮೊದಲನೇ ಏಟು ಬೇರೆಯವರು ಹಾಕೋದು ಬೇಡ.”

ಮರುದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ಕಡಿದರು. ಹೆಂಗಸರು ಮಕ್ಕಳನ್ನೂ ದನಗಳನ್ನೂ ದಿಬ್ಬಕ್ಕೆ ಹತ್ತಿಸಿದರು. ನಿಂಗಾಜಮ್ಮ ಎಲ್ಲಿ ಎಷ್ಟು ಅಗಲ, ಎಷ್ಟು ಆಳ ಎಂದು ಕೋಲು ಊರಿ ತೋರಿಸುತ್ತ ನಡೆದಳು. ಬೇಗ ಕಡಿದರೆ ನೀರು ನುಗ್ಗಿ ಏರಿಯನ್ನೇ ಹೊತ್ತುಕೊಂಡು ಹೋಗುತ್ತದೆ, ತಡ ಮಾಡಿದರೆ ನಡುಮಧ್ಯದಲ್ಲಿ ಒಡೆಯುತ್ತದೆ. ಲಲಿತಾಂಗ ತಡೆಯಬೇಕೆಂದು ಬಂದವನು, ಜಿನುಗುವ ಜಾಗ ಈಗ ತೊಡೆಗಾತ್ರವಾದದ್ದನ್ನು ಕಂಡು, ಪಕ್ಕದ ಹುಣಸೆ ಮರ ಹತ್ತಿ ಕುಳಿತ. ನೆತ್ತಿಗೆ ಬಿಸಿಲು ಬರುವ ಹೊತ್ತಿಗೆ ನೀರು ಮೊದಲು ಒಂದು ಎಳೆಯಾಗಿ, ಆಮೇಲೆ ಒಂದು ಹಾಸಾಗಿ, ಆಮೇಲೆ ಕಿವಿ ಕಿವುಡಾಗುವ ಸದ್ದಾಗಿ ಹೊರಬಿತ್ತು. ಎಲೆತೋಟ ಕಣ್ಣೆದುರೇ ಮಲಗಿತು. ಪುಟ್ಟಮಾದಯ್ಯ ಗುದ್ದಲಿಯ ಕಾವಿನ ಮೇಲೆ ಗಲ್ಲವಿಟ್ಟು ಕಡೆಯ ಬಳ್ಳಿ ಹೋಗುವವರೆಗೂ ನೋಡಿದ.

ಒಂದು ಜೀವವೂ ಹೋಗಲಿಲ್ಲ. ಪೇಟೆಯ ಅಂಗಡಿಗಳಿಗೆ ನೀರು ಬರಲಿಲ್ಲ. ಕೆಳಕೇರಿಯ ಮೂವತ್ತು ಮನೆ ಬಿದ್ದವು, ಗದ್ದೆಗಳ ಮೇಲೆ ಮರಳು ಹಾಸಿತು. ಸಂಜೆಯ ಹೊತ್ತಿಗೆ ಹಿರೇಕೆರೆಯಲ್ಲಿ ಅಲ್ಲಲ್ಲಿ ಮಡುಗಳು, ನಡುವೆ ಕೊಕ್ಕರೆಗಳು. ವಿಹಾರಮಂಟಪದ ಒಂದು ಕಲ್ಲೂ ಅಲುಗಿರಲಿಲ್ಲ.

ಅದರ ಮರುದಿನವೇ ಮೌಲ್ಯಮಾಪಕರು ಬಂದರು. ಪಾಯಸ ಬಡಿಸುವಾಗ ಅವರಲ್ಲೊಬ್ಬರು ಎದುರಿಗಿದ್ದ ವಿಶಾಲವಾದ ಬರಿಯ ಬಯಲನ್ನು ತೋರಿಸಿ ಅದೇನೆಂದು ಕೇಳಿದರು. ಗಂಭೀರಾಚಾರ್ಯರು ಕಣ್ಣು ಮಿಟುಕಿಸದೆ, ಅದು ವಿದ್ಯಾಪೀಠದ ಕ್ಯಾಂಪಸ್ ವಿಸ್ತರಣೆ ಎಂದರು. ಮೌಲ್ಯಮಾಪಕರು ಬೆರಗಾದರು. ಭೂಮಂಡಲದಲ್ಲಿ ಇಷ್ಟು ದೊಡ್ಡ ಕ್ಯಾಂಪಸ್ಸು, ಇಷ್ಟು ಕಡಿಮೆ ವಿದ್ಯಾರ್ಥಿಗಳು ಇರುವ ಇನ್ನೊಂದು ಪೀಠವನ್ನು ಅವರು ಕಂಡಿರಲಿಲ್ಲ. ಮೂವರೂ ಅಲ್ಲೇ ಗುರುತು ಹಾಕಿಕೊಂಡರು.

ಏರಿ ಕಡಿದವರು ಯಾರೆಂದು ವಿಚಾರಣೆಯಾಗಲೇಬೇಕಿತ್ತು. ನಿಂಗಾಜಮ್ಮ ತಾನೇ ಮುಂದೆ ಬಂದು, ಹೌದು, ನಾನೇ ಕಡಿಸಿದ್ದು ಎಂದಳು. ಶಿಕ್ಷೆಯಾಗುತ್ತದೆ ಎಂದು ಬಟ್ಟೆ ಗಂಟು ಕಟ್ಟಿಕೊಂಡೇ ಬಂದಿದ್ದಳು. ಆದರೆ ಅವಳನ್ನು ಶಿಕ್ಷಿಸಿದರೆ ಪೇಟೆಯನ್ನು ಉಳಿಸಿದ್ದು ಒಬ್ಬ ತಿರಸ್ಕೃತೆ ಎಂದು ಬರೆಯಬೇಕಾಗುತ್ತದೆ. ಇಡೀ ಒಂದು ದಿನ ಚರ್ಚೆಯಾಗಿ, ಏರಿ ಕಡಿಯುವುದಕ್ಕೆ ಬೇಕಾದ ಜ್ಞಾನ ಶಿಖರಸ್ನಾತಕರಲ್ಲಿ ಮಾತ್ರ ಇರಲು ಸಾಧ್ಯ, ಅಲ್ಲಿದ್ದ ಸ್ನಾತಕ ಲಲಿತಾಂಗನೊಬ್ಬನೇ, ಆದ್ದರಿಂದ ಕಡಿಸಿದವನು ಲಲಿತಾಂಗ ಎಂದು ತೀರ್ಮಾನವಾಯಿತು.

ಲಲಿತಾಂಗ ಎದ್ದು ನಿಂತ. ಅವನ ಜೀವಮಾನದಲ್ಲಿ ಅದೊಂದೇ ಸಲ ಅವನು ಸೋದರಮಾವನಿಗೆ ಎದುರಾಡಿದ್ದು.

“ನಾನು ಮರದ ಮೇಲಿದ್ದೆ,” ಎಂದ.

ಬರೆದುಕೊಳ್ಳುವವನು ಕುಲಪತಿಗಳ ಮುಖ ನೋಡಿ, ‘ಎತ್ತರದ ಸ್ಥಾನದಿಂದ ಸಮಗ್ರ ಮೇಲ್ವಿಚಾರಣೆ ನಡೆಸಿದರು’ ಎಂದು ಬರೆದುಕೊಂಡ. ಲಲಿತಾಂಗ ಕೂತುಬಿಟ್ಟ. ತಿಂಗಳೊಳಗೆ ಅವನಿಗೆ ಜಲರತ್ನ ಬಿರುದು ಬಂತು. ಅವನು ಅದರ ಪದಕವನ್ನು ಧರಿಸುವಾಗಲೆಲ್ಲ ಕೆಳಕೇರಿಯ ಕಡೆ ಮುಖ ಮಾಡುತ್ತಿರಲಿಲ್ಲ ಎಂದು ನೋಡಿದವರು ಹೇಳುತ್ತಾರೆ.

ನಿಂಗಾಜಮ್ಮನನ್ನು ಮನೆಗೆ ಹೋಗೆಂದರು. ಅವಳು ಗಂಟು ಹಿಡಿದುಕೊಂಡು ನಿಂತೇ ಇದ್ದು, ಏರಿ ಯಾವಾಗ ಕಟ್ಟಿಸುತ್ತೀರಿ ಎಂದು ಕೇಳಿದಳು. ಯಾವ ಏರಿ ಎಂದು ಕೇಳಿದರು. ಕೆರೆಯ ಏರಿ ಎಂದಳು. ಯಾವ ಕೆರೆ ಎಂದು ಕೇಳಿದರು. ಅವಳು ಕಿಟಕಿಯಿಂದ ಹೊರಗೆ ನೋಡಿದಳು. ಬಯಲಿನ ಸುತ್ತ ಆಗಲೇ ಬೇಲಿ ಕಟ್ಟುತ್ತಿದ್ದರು.

ಮುಂದಿನ ವರ್ಷ ಶ್ರೇಯಾಂಕ ಪ್ರಕಟವಾಗುವ ಮುಂಚೆ ವಜ್ರಾವತಿಯವರು ಸಾವಿರಕ್ಕೆ ಒಂಬೈನೂರ ತೊಂಬತ್ತೊಂಬತ್ತೂವರೆ ಜನರನ್ನು ತಿರಸ್ಕರಿಸಿದ ಸುದ್ದಿ ಬಂತು. ಪ್ರಚಂಡಕೀರ್ತಿಗಳು ಒಂದು ಕ್ಷಣವೂ ತಡ ಮಾಡಲಿಲ್ಲ. ಆ ವರ್ಷ ಶಿಖರ ವಿದ್ಯಾಪೀಠ ಯಾರನ್ನೂ ಸೇರಿಸಿಕೊಳ್ಳಲಿಲ್ಲ. ಸ್ನಾತಕರ ಮಕ್ಕಳನ್ನು ಮಾತ್ರ ಹಿಂದಿನ ವರ್ಷದ ತಾರೀಖು ಹಾಕಿ ಒಳಗೆ ಬಿಟ್ಟುಕೊಂಡು, ಉಳಿದ ಸಮಸ್ತ ಪ್ರಜಾಕೋಟಿಯನ್ನು ಪೂರ್ಣವಾಗಿ ತಿರಸ್ಕರಿಸಲಾಯಿತು. ಅದಕ್ಕಿಂತ ಹೆಚ್ಚು ತಿರಸ್ಕರಿಸಲು ಮನುಷ್ಯಮಾತ್ರದವರಿಗೆ ಸಾಧ್ಯವಿಲ್ಲವೆಂದು ಮಂಡಳಿ ಒಪ್ಪಿ, ಶಿಖರ ವಿದ್ಯಾಪೀಠವನ್ನು ಭೂಮಂಡಲದಲ್ಲೇ ಮೊದಲನೆಯದೆಂದು ಸಾರಿತು.

ಘಟಿಕೋತ್ಸವ ನಡೆದದ್ದು ಹಳೆಯ ಕೆರೆಯಂಗಳದಲ್ಲಿ. ಪದವಿ ಪಡೆಯುವವರು ಯಾರೂ ಇರಲಿಲ್ಲವಾದ್ದರಿಂದ ಸಭೆ ಅತ್ಯಂತ ಶಿಸ್ತಿನಿಂದ ಕೂಡಿತ್ತು. ಪ್ರಚಂಡಕೀರ್ತಿ ಮಹಾರಾಜರಿಗೆ ಜಲವಿಜ್ಞಾನದಲ್ಲಿ ಗೌರವ ಡಾಕ್ಟರೇಟ್ ನೀಡಿ, ರೇಷ್ಮೆಯ ನಿಲುವಂಗಿ ಹೊದಿಸಿ, ತಲೆಗೆ ಚಿನ್ನದ ಗೊಂಡೆಯ ಟೋಪಿ ಇಟ್ಟರು. ಮಹಾರಾಜರು ಎರಡು ಸಲ ಕೆಮ್ಮಿ, ಈ ಗೌರವ ತಮ್ಮದಲ್ಲ, ತಮ್ಮ ಪ್ರಜೆಗಳದ್ದು ಎಂದರು. ಪ್ರಜೆಗಳು ಬೇಲಿಯಾಚೆ ನಿಂತಿದ್ದರು. ಕೆರೆ ಇಲ್ಲದ ಮೇಲೆ ಬಾವಿಗಳೂ ಬತ್ತಿದ್ದರಿಂದ ಎರಡು ಹರದಾರಿ ದೂರದ ಹೊಳೆಯಿಂದ ನೀರು ಹೊರುವುದೇ ಈಗ ಅವರ ದಿನಚರಿ. ಅಂದು ಮೆರವಣಿಗೆಯ ದಾರಿಯಲ್ಲಿ ದೂಳೇಳದಂತೆ ಚಿಮುಕಿಸಲು ಮನೆಗೆ ಎರಡು ಬಿಂದಿಗೆಯಂತೆ ತರಬೇಕೆಂದು ಆಜ್ಞೆಯಾಗಿತ್ತು. ನಿಂಗಾಜಮ್ಮನೂ ಪುಟ್ಟಮಾದಯ್ಯನೂ ತಮ್ಮ ಪಾಲಿನದನ್ನು ತಂದು ಸುರಿದು, ಬರಿಯ ಬಿಂದಿಗೆ ಹಿಡಿದು ನಿಂತಿದ್ದರು.

ಮಹಾರಾಜರ ಭಾಷಣದ ನಡುವೆ ಮೇಲಿನ ಗುಡ್ಡಗಳ ಹಿಂದೆ ಗುಡುಗಿತು. ಸಭೆಯವರು ಅದನ್ನು ಶುಭಶಕುನವೆಂದು ತಿಳಿದು ಚಪ್ಪಾಳೆ ತಟ್ಟಿದರು. ಪುಟ್ಟಮಾದಯ್ಯ ಬೇಲಿಯ ಸಂದಿನಿಂದ ಒಂದು ಸಲ ಗುಡ್ಡ ನೋಡಿ, ಒಂದು ಸಲ ಚಿನ್ನದ ಟೋಪಿ ನೋಡಿ, ಈ ಸಲ ನೀರು ಎಲ್ಲಿ ನಿಲ್ಲುತ್ತದಮ್ಮ ಎಂದು ಮೆಲ್ಲಗೆ ಕೇಳಿದ.

“ನಿಲ್ಲೋಕೆ ಜಾಗ ಎಲ್ಲಿದೆ ಮಾದಣ್ಣ,” ಎಂದಳು ನಿಂಗಾಜಮ್ಮ. “ನೇರವಾಗಿ ಬರುತ್ತೆ.”

ಭಾಷಣ ಮುಗಿಯುವವರೆಗೂ ಯಾರೂ ಕದಲಬಾರದೆಂಬ ನಿಯಮವಿತ್ತು, ಯಾರೂ ಕದಲಲಿಲ್ಲ. ಮುಗಿದ ಮೇಲೆ ಕೆಳಕೇರಿಯವರು ಆಜ್ಞೆಯಲ್ಲಿ ಹೇಳಿದ್ದಷ್ಟು ಹೊತ್ತು ಚಪ್ಪಾಳೆ ತಟ್ಟಿ, ಮನೆಗೆ ಹೋಗಿ, ಕಾಳಿನ ಮೂಟೆಗಳನ್ನು ಒಂದೊಂದಾಗಿ ಅಟ್ಟಕ್ಕೆ ಏರಿಸತೊಡಗಿದರು.